ಡ್ರಮ್ ಬಿಟ್ಟವನು ಬ್ಯಾಂಡನ್ನು ಬಿಡಲಿಲ್ಲ: ರಮೋನ್ಸ್ ತಂಡದ 1978ರ ಕಥೆ



ಕಪ್ಪು ಟೀ ಶರ್ಟು, ಎದೆಯ ಮೇಲೆ ಬಿಳಿ ಬಣ್ಣದ ಹದ್ದಿನ ಮುದ್ರೆ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ರಮೋನ್ಸ್ ಎಂಬ ಹೆಸರು. ಇದನ್ನು ನೀವೆಲ್ಲರೂ ಎಲ್ಲಾದರೂ ನೋಡಿಯೇ ಇರುತ್ತೀರಿ. ಸಂತೆಯಲ್ಲೂ ಸಿಗುತ್ತದೆ, ಮಾಲ್‌ನಲ್ಲೂ ಸಿಗುತ್ತದೆ. ಹಾಕಿಕೊಂಡವರಲ್ಲಿ ಹೆಚ್ಚಿನವರಿಗೆ ಅದು ಬಟ್ಟೆ ಕಂಪನಿಯ ಹೆಸರೋ ಬ್ಯಾಂಡಿನ ಹೆಸರೋ ಗೊತ್ತಿರುವುದಿಲ್ಲ. ಇನ್ನೊಮ್ಮೆ ಕಂಡಾಗ ಹತ್ತಿರ ಹೋಗಿ ನೋಡಿ. ಹದ್ದಿನ ಸುತ್ತಲಿನ ಬಳೆಯಲ್ಲಿ ನಾಲ್ಕು ಹೆಸರುಗಳಿವೆ: ಜಾನಿ, ಜೋಯಿ, ಡೀ ಡೀ, ಟಾಮಿ. ಕೆಲವು ಶರ್ಟುಗಳಲ್ಲಿ ಮಾತ್ರ ಟಾಮಿ ಇದ್ದ ಜಾಗದಲ್ಲಿ ಮಾರ್ಕಿ ಎಂದಿರುತ್ತದೆ. ಮುದ್ರಣದ ತಪ್ಪೇನೂ ಅಲ್ಲ. ಒಬ್ಬ ಎದ್ದು ಹೋಗಿ ಅವನ ಜಾಗದಲ್ಲಿ ಇನ್ನೊಬ್ಬ ಕುಳಿತದ್ದರ ಗುರುತು ಅದು. ಈ ಸಲದ ಇತಿಹಾಸದ ಬರಹದಲ್ಲಿ ಆ ಬದಲಾವಣೆಯ ಕಥೆ ಹೇಳೋಣ ಎಂದುಕೊಂಡಿದ್ದೇವೆ.

ಮೊದಲು ಕಾಲವನ್ನು ಸ್ವಲ್ಪ ತಿಳಿದುಕೊಳ್ಳೋಣ. 1970ರ ದಶಕದ ನಡುಭಾಗಕ್ಕೆ ಬರುವಷ್ಟರಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ರಾಕ್ ಸಂಗೀತ ಬಹಳ ದೊಡ್ಡದಾಗಿತ್ತು, ದುಬಾರಿಯೂ ಆಗಿತ್ತು. ಒಂದು ಹಾಡು ಹತ್ತು ಹದಿನೈದು ನಿಮಿಷ ಓಡುತ್ತಿತ್ತು. ನಡುವೆ ಗಿಟಾರ್‌ನವನೊಬ್ಬನೇ ಐದು ನಿಮಿಷ ನುಡಿಸುತ್ತಿದ್ದ, ಆಮೇಲೆ ಡ್ರಮ್‌ನವನ ಸರದಿ. ವರ್ಷಗಟ್ಟಲೆ ಸಾಧನೆ ಮಾಡದವನು ವೇದಿಕೆ ಹತ್ತುವ ಹಾಗೇ ಇರಲಿಲ್ಲ. ಇದಕ್ಕೆ ಬೇಸತ್ತ ಹುಡುಗರು, ಮೂರು ಸ್ವರಗುಚ್ಛ ಗೊತ್ತಿದ್ದರೆ ಸಾಕು, ಎರಡು ನಿಮಿಷದಲ್ಲಿ ಹೇಳುವುದನ್ನು ಹೇಳಿ ಮುಗಿಸುತ್ತೇವೆ ಎಂದು ಹೊರಟರು. ಅದಕ್ಕೆ ಪಂಕ್ ಎಂದು ಹೆಸರು ಬಿತ್ತು. ಪಂಕ್ ಎಂದರೆ ಬಣ್ಣ ಬಳಿದು ನೆಟ್ಟಗೆ ನಿಲ್ಲಿಸಿದ ಕೂದಲು, ಕಿವಿಗೆ ಚುಚ್ಚಿದ ಪಿನ್ನು ಎಂದು ನೆನಪಿಟ್ಟುಕೊಂಡವರಿದ್ದಾರೆ. ಅದು ಆಮೇಲೆ ಬಂದದ್ದು. ರಮೋನ್ಸ್ ಹುಡುಗರು ಹರಿದ ಜೀನ್ಸು, ಚರ್ಮದ ಜಾಕೆಟ್ಟು, ಕಣ್ಣಿಗೆ ಬೀಳುವ ಉದ್ದ ಕೂದಲಿನಲ್ಲಿ ಇದ್ದವರು.

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಫಾರೆಸ್ಟ್ ಹಿಲ್ಸ್ ಎಂಬ ಬಡಾವಣೆ. ನಾಲ್ವರೂ ಅಲ್ಲಿನವರೇ. ಜಾನ್ ಕಮಿಂಗ್ಸ್ ಎಂಬವನು ಜಾನಿ ಆದ, ಗಿಟಾರ್ ಹಿಡಿದ. ಡಗ್ಲಸ್ ಕಾಲ್ವಿನ್ ಡೀ ಡೀ ಆದ, ಬೇಸ್ ಗಿಟಾರ್ ಹಿಡಿದ. ಜೆಫ್ರಿ ಹೈಮನ್ ಜೋಯಿ ಆದ. ಪಾಲ್ ಮೆಕಾರ್ಟ್ನಿ ಒಂದು ಕಾಲದಲ್ಲಿ ಪಾಲ್ ರಮೋನ್ ಎಂಬ ಸುಳ್ಳು ಹೆಸರು ಇಟ್ಟುಕೊಳ್ಳುತ್ತಿದ್ದನಂತೆ. ಅದನ್ನು ಕೇಳಿ ಇವರು ಅಣ್ಣತಮ್ಮಂದಿರೇನೋ ಎನ್ನುವ ಹಾಗೆ ಎಲ್ಲರೂ ಒಂದೇ ಮನೆತನದ ಹೆಸರು ಹಚ್ಚಿಕೊಂಡರು. ರಕ್ತಸಂಬಂಧ ಯಾರಿಗೂ ಇರಲಿಲ್ಲ.

ನಾಲ್ಕನೆಯವನು ಟಾಮಿ. ನಮ್ಮ ಕಥೆ ಇವನದೇ. ಹುಟ್ಟಿದ್ದು 1949ರಲ್ಲಿ, ಹಂಗೇರಿ ದೇಶದ ಬುಡಾಪೆಸ್ಟಿನಲ್ಲಿ. ಹೆಸರು ತಮಾಶ್ ಎರ್ದೇಯಿ. ತಂದೆತಾಯಿ ಯೆಹೂದ್ಯರು, ಛಾಯಾಗ್ರಾಹಕರು. ನಾಜಿಗಳ ಕಾಲದಲ್ಲಿ ನೆರೆಹೊರೆಯವರು ಬಚ್ಚಿಟ್ಟು ಕಾಪಾಡಿದ್ದರಿಂದ ಅವರು ಬದುಕಿ ಉಳಿದರು. ಬಂಧುಗಳಲ್ಲಿ ಅನೇಕರು ಉಳಿಯಲಿಲ್ಲ. 1956ರಲ್ಲಿ ಹಂಗೇರಿಯ ಜನ ದಂಗೆ ಎದ್ದರು, ಸೋವಿಯತ್ ಸೈನ್ಯ ಅದನ್ನು ಹತ್ತಿಕ್ಕಿತು. ಮರುವರ್ಷ ಈ ಕುಟುಂಬ ಅಮೆರಿಕಕ್ಕೆ ಬಂತು. ಇಂಥ ಮನೆಯಿಂದ ಬಂದ ಹುಡುಗ ಗದ್ದಲದ ಬ್ಯಾಂಡ್ ಕಟ್ಟಿದ್ದು ಹೇಗೆ ಎಂದು ಕೆಲವರು ಕೇಳಬಹುದು. ನಮಗೇನೂ ಆಶ್ಚರ್ಯ ಅನ್ನಿಸುವುದಿಲ್ಲ. ಊರು ಬದಲಾಗಿ, ಭಾಷೆ ಬದಲಾಗಿ ಬಂದ ಮಕ್ಕಳು ಹೊಸ ಊರಿನಲ್ಲಿ ಮೊದಲು ಹುಡುಕುವುದು ಒಂದು ಗುಂಪನ್ನು. ಗಡಿಯಲ್ಲಿ ಬದುಕುವ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಟಾಮಿ ಶಾಲೆಯಲ್ಲಿದ್ದಾಗಲೇ ಜಾನಿಯ ಜೊತೆ ಒಂದು ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದ್ದ. ಆಮೇಲೆ ರೆಕಾರ್ಡ್ ಪ್ಲಾಂಟ್ ಎಂಬ ದೊಡ್ಡ ಸ್ಟುಡಿಯೋದಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿ ಜಿಮಿ ಹೆಂಡ್ರಿಕ್ಸ್‌ನ ಆಲ್ಬಮ್ಮಿಗೂ ಕೆಲಸ ಮಾಡಿದ. 1974ರಲ್ಲಿ ಇವರು ಬ್ಯಾಂಡ್ ಕಟ್ಟಿದಾಗ ಅವನ ಕೆಲಸ ಮ್ಯಾನೇಜರನದು. ಡ್ರಮ್ ನುಡಿಸುತ್ತಿದ್ದವನು ಜೋಯಿ, ಹಾಡುತ್ತಿದ್ದವನು ಡೀ ಡೀ. ಹಾಡುತ್ತಾ ಬೇಸ್ ನುಡಿಸಲು ಡೀ ಡೀಗೆ ಆಗಲಿಲ್ಲ. ಜೋಯಿಯ ಕೈಗೆ ಆ ವೇಗ ಹಿಡಿಯಲಿಲ್ಲ, ಆದರೆ ಕಂಠ ಚೆನ್ನಾಗಿತ್ತು. ಸರಿ, ಜೋಯಿ ಮೈಕಿನ ಮುಂದೆ ಬಂದ. ಡ್ರಮ್ಮಿಗೆ ಯಾರು ಬೇಕೆಂದು ಪರೀಕ್ಷೆ ಮಾಡಿದರು. ಬಂದವರೆಲ್ಲ ಆಗಿನ ರೂಢಿಯಂತೆ ಕೈಚಳಕ ತೋರಿಸುವವರೇ. ಬೇಕಾದದ್ದು ಅದಲ್ಲ, ಹೀಗೆ ನುಡಿಸಬೇಕು ಎಂದು ತೋರಿಸಲು ಕುಳಿತ ಟಾಮಿ ಅಲ್ಲೇ ಉಳಿದುಬಿಟ್ಟ. ಅದಕ್ಕೂ ಮೊದಲು ಅವನು ಡ್ರಮ್ ನುಡಿಸುವವನೇ ಅಲ್ಲ!

ಅವನು ನುಡಿಸಿದ ರೀತಿ ಬಹಳ ಸರಳ. ನಮ್ಮ ಗಾನವೃಂದದಲ್ಲಿ ತಾಳ ಹಿಡಿಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಲಗೈ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಯ ಮೇಲೆ ಒಂದೇ ಸಮನೆ, ಒಂದು ಆವರ್ತಕ್ಕೆ ಎಂಟು ಪೆಟ್ಟು. ಎಡಗೈ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಮೇಲೆ. ಕಾಲು ಕೆಳಗಿನ ದೊಡ್ಡ ಡ್ರಮ್ಮಿನ ಮೇಲೆ. ಅಷ್ಟೇ. ಕೇಳಲು ಸುಲಭ, ಆದರೆ ಆ ವೇಗದಲ್ಲಿ ಅರ್ಧ ಗಂಟೆ ನಿಲ್ಲಿಸದೆ ನುಡಿಸಲು ತೋಳಿನಲ್ಲಿ ಬಲ ಬೇಕು. ಜಾನಿಯೂ ಗಿಟಾರಿನ ತಂತಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಿದ್ದ. ಕೆಳಗಿನಿಂದ ಮೇಲಕ್ಕೆ ಇಲ್ಲವೇ ಇಲ್ಲ. ಈ ಎರಡು ಕೈಗಳು ಕೂಡಿದಾಗ ಬರುವ ಸದ್ದೇ ರಮೋನ್ಸ್.

ಬೌವರಿ ಬೀದಿಯ ಸಿಬಿಜಿಬಿ ಎಂಬ ಸಣ್ಣ ಬಾರಿನಲ್ಲಿ 1974ರ ಆಗಸ್ಟಿನಿಂದ ನುಡಿಸತೊಡಗಿದರು. ಸೈರ್ ಎಂಬ ರೆಕಾರ್ಡ್ ಕಂಪನಿಯ ಸೀಮೂರ್ ಸ್ಟೈನ್ ಇವರನ್ನು ಸೇರಿಸಿಕೊಂಡ. 1976ರ ಏಪ್ರಿಲ್‌ನಲ್ಲಿ ಬಂದ ಮೊದಲ ಆಲ್ಬಮ್ಮಿಗೆ ತಗಲಿದ ಖರ್ಚು ಸುಮಾರು 6,400 ಡಾಲರ್. 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಆಗಿನ ದೊಡ್ಡ ಬ್ಯಾಂಡುಗಳು ಒಂದು ಆಲ್ಬಮ್ಮಿಗೆ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂರುತ್ತಿದ್ದ ಕಾಲ ಅದು. 1977ರಲ್ಲಿ ಇನ್ನೂ ಎರಡು ಆಲ್ಬಮ್ ಬಂದವು. ಪತ್ರಿಕೆಯವರು ಹೊಗಳಿದರು. ಲಂಡನ್ನಿಗೆ ಹೋದರೆ ಅಲ್ಲಿನ ಹೊಸ ಬ್ಯಾಂಡುಗಳ ಹುಡುಗರು ಗುರುಗಳನ್ನು ಕಾಣಲು ಬಂದವರಂತೆ ಬಂದರು. ಮಾರಾಟ ಮಾತ್ರ ಆಗಲಿಲ್ಲ. ಮೂರನೆಯ ಆಲ್ಬಮ್ 'ರಾಕೆಟ್ ಟು ರಷ್ಯಾ' ಅಮೆರಿಕದ ಪಟ್ಟಿಯಲ್ಲಿ 49ನೇ ಸ್ಥಾನ ಮುಟ್ಟಿ ಇಳಿಯಿತು. ಅದೇ ಹೊತ್ತಿಗೆ ಇಂಗ್ಲೆಂಡಿನ ಸೆಕ್ಸ್ ಪಿಸ್ಟಲ್ಸ್ ಎಂಬ ತಂಡ ಅಮೆರಿಕಕ್ಕೆ ಬಂದು, ಹೋದಲ್ಲೆಲ್ಲ ರಂಪ ಮಾಡಿ, 1978ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಡೆದುಹೋಯಿತು. ಪಂಕ್ ಎಂಬ ಮಾತು ಕೇಳಿದರೆ ರೇಡಿಯೋದವರು ಬಾಗಿಲು ಹಾಕುವಂತಾಯಿತು. ಮಾಡದ ತಪ್ಪಿಗೆ ರಮೋನ್ಸ್‌ನವರೂ ಹೊರಗೇ ಉಳಿದರು.

ಈ ಸಮಯದಲ್ಲಿ ಟಾಮಿ ಡ್ರಮ್ ಬಿಡುತ್ತೇನೆ ಎಂದ.

ಜಗಳವಾಡಿ ಹೋದದ್ದಲ್ಲ. ಊರಿಂದೂರಿಗೆ ವ್ಯಾನಿನಲ್ಲಿ ಓಡಾಟ, ರಾತ್ರಿ ಕಛೇರಿ, ಬೆಳಗಾದರೆ ಮತ್ತೆ ವ್ಯಾನು, ಇದು ಅವನ ಮೈಗೂ ಮನಸ್ಸಿಗೂ ಆಗುತ್ತಿರಲಿಲ್ಲ. ಆ ವ್ಯಾನಿನೊಳಗಿನ ಸಹವಾಸವೂ ಸುಲಭದ್ದಲ್ಲ. ಜಾನಿ ಶಿಸ್ತಿನ ಮನುಷ್ಯ, ಬಾಯಿ ಗಡಸು, ರಾಜಕೀಯದಲ್ಲಿ ಬಲಪಂಥದವನು. ಜೋಯಿ ಅದರ ತದ್ವಿರುದ್ಧ. ಸಾಲದ್ದಕ್ಕೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡದೆ ಇರಲಾಗದ ಮಾನಸಿಕ ಕಾಯಿಲೆ ಅವನಿಗಿತ್ತು. ಡೀ ಡೀಯನ್ನು ಹೆರಾಯಿನ್ ಹಿಡಿದುಕೊಂಡಿತ್ತು. ಇವರೆಲ್ಲರ ನಡುವೆ ಟಾಮಿ ಮೃದು ಸ್ವಭಾವದವನು. ಅವನಿಗೆ ಇಷ್ಟವಿದ್ದದ್ದು ಸ್ಟುಡಿಯೋ. ಊರೂರು ತಿರುಗಲು ಬೇರೆಯವನನ್ನು ಹುಡುಕಿಕೊಳ್ಳಿ, ರೆಕಾರ್ಡಿಂಗ್ ನಾನು ನೋಡಿಕೊಳ್ಳುತ್ತೇನೆ ಎಂಬುದು ಅವನ ಮಾತಿನ ಸಾರ.

ನಮ್ಮಲ್ಲೂ ಗಾನವೃಂದದಿಂದ ಒಬ್ಬರು ಹೊರಡುವುದಿದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ದಿನಾ ಬಸ್ಸಿನಲ್ಲಿ ಓಡಾಡಲಾಗದೆ ಅಲ್ಲೇ ಮನೆ ಮಾಡಿದರು. ಕೀಬೋರ್ಡಿನ ಮುಂದಿನ ಕುರ್ಚಿ ಖಾಲಿ, ಕ್ರಿಸ್ಮಸ್ಸಿಗೆ ಆರು ವಾರ. ಆಗ ಎರಡು ಬಗೆಯವರನ್ನು ಕಂಡಿದ್ದೇವೆ. ಹಾಡಿನ ಶ್ರುತಿ ಬರೆದಿಟ್ಟ ಪುಸ್ತಕವನ್ನೂ ಜೊತೆಗೇ ಒಯ್ಯುವವರು ಕೆಲವರು. ಭಾನುವಾರ ಊರಿಗೆ ಬಂದಾಗ ಹೊಸ ಹುಡುಗಿಯ ಪಕ್ಕ ಕುಳಿತು ತೋರಿಸಿಕೊಡುವವರು ಕೆಲವರು. ಹೆಸರು ಹೇಳುವುದಿಲ್ಲ, ಓದುವವರಿಗೆ ಗೊತ್ತು!

ಹೊಸಬನಾಗಿ ಬಂದವನು ಮಾರ್ಕ್ ಬೆಲ್, ಬ್ರೂಕ್ಲಿನ್ನಿನ ಹುಡುಗ. ಟಾಮಿಯ ಹಾಗೆ ಆಕಸ್ಮಿಕವಾಗಿ ಡ್ರಮ್ಮಿಗೆ ಬಂದವನಲ್ಲ. ಹದಿಹರೆಯದಲ್ಲೇ ಡಸ್ಟ್ ಎಂಬ ಹೆವಿ ಮೆಟಲ್ ಬ್ಯಾಂಡಿನಲ್ಲಿ ಎರಡು ಆಲ್ಬಮ್ ಮಾಡಿದ್ದ. ಆಮೇಲೆ ರಿಚರ್ಡ್ ಹೆಲ್‌ನ ವಾಯ್ಡಾಯ್ಡ್ಸ್ ತಂಡದಲ್ಲಿ ನುಡಿಸಿದ್ದ. ಸಿಬಿಜಿಬಿಯಲ್ಲಿ ಎಲ್ಲರಿಗೂ ಪರಿಚಿತ. ಕೈಯಲ್ಲಿ ನೂರು ಬಗೆಯ ಉರುಳಿಕೆ ಇತ್ತು. ಅದೇ ತೊಡಕು. ನೂರನ್ನೂ ಬದಿಗಿಟ್ಟು ಟಾಮಿಯ ಆ ಒಂದನ್ನು ಕಲಿಯಬೇಕಿತ್ತು. ಹೆಚ್ಚು ಗೊತ್ತಿದ್ದವನು ಕಡಿಮೆ ನುಡಿಸಲು ಕಲಿಯುವುದು ಕಷ್ಟ. ತಬಲಾ ಗೊತ್ತಿರುವವರ ಕೈಗೆ ಭಜನೆಯ ತಾಳ ಕೊಟ್ಟು ನೋಡಿ. ಹಳೆಯ ಹಾಡುಗಳ ದೊಡ್ಡ ಪಟ್ಟಿಯನ್ನು ಕೆಲವೇ ವಾರಗಳಲ್ಲಿ ಒಪ್ಪಿಸಬೇಕಿತ್ತು. ಜಾಗ ಬಿಟ್ಟುಕೊಟ್ಟವನೇ ಪಕ್ಕದಲ್ಲಿ ನಿಂತು, ಹೈ-ಹ್ಯಾಟ್ ಹೇಗೆ, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ತೋರಿಸಿಕೊಟ್ಟ. ಮಾರ್ಕ್ ಬೆಲ್ ಮಾರ್ಕಿ ರಮೋನ್ ಆದ.

1978ರ ಬೇಸಿಗೆಯಲ್ಲಿ ನಾಲ್ಕನೆಯ ಆಲ್ಬಮ್ಮಿನ ಕೆಲಸ ಶುರುವಾಯಿತು. ಹೆಸರು 'ರೋಡ್ ಟು ರೂಯಿನ್', ಹಾಳಾಗುವ ದಾರಿ ಎಂದರ್ಥ. ಹಿಂದಿನ ಆಲ್ಬಮ್ಮುಗಳ ಹೊದಿಕೆಯಲ್ಲಿ ಒಂದು ಸೋಜಿಗವಿದೆ. ಡ್ರಮ್ ನುಡಿಸಿದವನು ಟಾಮಿ ರಮೋನ್ ಎಂದಿರುತ್ತದೆ, ಧ್ವನಿ ರೂಪಿಸಿದವರ ಸಾಲಿನಲ್ಲಿ ಟಿ. ಎರ್ದೇಯಿ ಎಂದಿರುತ್ತದೆ. ಇಬ್ಬರೂ ಒಬ್ಬನೇ. ಈ ಆಲ್ಬಮ್ಮಿನಲ್ಲಿ ಮೊದಲನೆಯ ಹೆಸರು ಹೋಯಿತು, ಎರಡನೆಯದು ಉಳಿಯಿತು, ಎಡ್ ಸ್ಟೇಸಿಯಮ್ ಎಂಬ ಎಂಜಿನಿಯರನ ಹೆಸರಿನ ಜೊತೆಗೆ.

ರೆಕಾರ್ಡಿಂಗ್ ನಡೆದ ಜಾಗ ನಮಗೆ ವಿಶೇಷವಾಗಿ ಕಂಡಿತು. ಮ್ಯಾನ್‌ಹಟನ್ನಿನ ಪಶ್ಚಿಮ 57ನೇ ಬೀದಿಯಲ್ಲಿದ್ದ ಮೀಡಿಯಾ ಸೌಂಡ್ ಸ್ಟುಡಿಯೋ ಮೊದಲು ಒಂದು ಬ್ಯಾಪ್ಟಿಸ್ಟ್ ದೇವಾಲಯವಾಗಿತ್ತು. 1969ರಲ್ಲಿ ಅದನ್ನು ಸ್ಟುಡಿಯೋ ಮಾಡಿದರು. ಎತ್ತರದ ಛಾವಣಿ, ದೊಡ್ಡ ಹಜಾರ, ಹೀಗಾಗಿ ಡ್ರಮ್ಮಿನ ಸದ್ದು ತುಂಬಿಕೊಂಡು ಬರುತ್ತಿತ್ತು. ಕೀರ್ತನೆ ಹಾಡಲು ಕಟ್ಟಿದ ಗೋಡೆಗಳ ನಡುವೆ ರಮೋನ್ಸ್ ಗದ್ದಲ! ಕೆಲವು ಹಿರಿಯರಿಗೆ ಇದು ಹಿಡಿಸಲಿಕ್ಕಿಲ್ಲ. ಆದರೆ ಅದೇ ಹಜಾರದಲ್ಲಿ ಆ ವರ್ಷಗಳಲ್ಲಿ ಎಷ್ಟೋ ಬಗೆಯ ಸಂಗೀತ ದಾಖಲಾಗಿದೆ. ಇನ್ನೊಂದು ಸಣ್ಣ ಸಂಗತಿ: ಹಂಗೇರಿಯ ಮಹಾ ಸಂಗೀತಕಾರ ಬೇಲಾ ಬಾರ್ಟೋಕ್ ದೇಶ ಬಿಟ್ಟು ಬಂದು, 1945ರಲ್ಲಿ ತೀರಿಕೊಳ್ಳುವ ಮೊದಲು ಕೊನೆಯದಾಗಿ ವಾಸವಿದ್ದ ಮನೆ ಇದರ ಪಕ್ಕದ್ದೇ. ಬುಡಾಪೆಸ್ಟಿನಿಂದ ಬಂದ ಇನ್ನೊಬ್ಬ ಹುಡುಗ ಅದರ ಮುಂದೆಯೇ ದಿನಾ ಕೆಲಸಕ್ಕೆ ಬರುತ್ತಿದ್ದ.

ಈ ಆಲ್ಬಮ್ಮಿನ ಹಿಂದೆ ಒಂದು ಆಸೆ ಇತ್ತು, ಒಂದು ಭಯವೂ ಇತ್ತು. ಒಮ್ಮೆಯಾದರೂ ರೇಡಿಯೋದಲ್ಲಿ ಬರಬೇಕು ಎಂಬುದು ಆಸೆ. ಅದಕ್ಕಾಗಿ ಇದುವರೆಗೆ ಮಾಡದ್ದನ್ನೆಲ್ಲ ಮಾಡಿದರು. ತಂತಿ ಮೀಟುವ ಸಾದಾ ಗಿಟಾರ್ ತಂದರು. ಚಿಕ್ಕದಾದರೂ ಗಿಟಾರ್ ಸೋಲೋ ಇಟ್ಟರು. ಈ ಅಲಂಕಾರದ ಗಿಟಾರ್‌ಗಳಲ್ಲಿ ಹಲವನ್ನು ನುಡಿಸಿದ್ದು ಜಾನಿಯಲ್ಲ, ಟಾಮಿ ಮತ್ತು ಸ್ಟೇಸಿಯಮ್. 1964ರಲ್ಲಿ ಸರ್ಚರ್ಸ್ ಎಂಬ ತಂಡ ಜನಪ್ರಿಯ ಮಾಡಿದ್ದ 'ನೀಡಲ್ಸ್ ಅಂಡ್ ಪಿನ್ಸ್' ಎಂಬ ಹಳೆಯ ಪ್ರೇಮಗೀತೆಯನ್ನೂ ಹಾಡಿದರು. ಇಷ್ಟೆಲ್ಲ ಮಾಡಿದರೆ ನಾವು ನಾವಾಗಿಯೇ ಉಳಿಯುತ್ತೇವೆಯೇ ಎಂಬುದು ಭಯ. ಆ ಭಯ ಹೆಚ್ಚಾಗಿ ಜಾನಿಯದು. ಹೊಸ ಡ್ರಮ್ಮರ್ ಬಂದ ಹೊತ್ತಿನಲ್ಲೇ ಹೊಸ ರಾಗವನ್ನೂ ಹಿಡಿದದ್ದರಿಂದ, ಕೇಳುಗರು ಇಷ್ಟಪಡದಿದ್ದರೆ ಯಾವುದನ್ನು ದೂರಬೇಕು ಎಂಬುದೇ ತಿಳಿಯದ ಪರಿಸ್ಥಿತಿ.

ಒಂದು ಹಾಡಿನ ಹುಟ್ಟನ್ನು ಹೇಳಲೇಬೇಕು. 1977ರ ಕೊನೆಯಲ್ಲಿ ನ್ಯೂಜೆರ್ಸಿಯ ಪಸೇಯಿಕ್ ಊರಿನಲ್ಲಿ ಕಛೇರಿಗೆ ಮುನ್ನ ಜೋಯಿ ಮೂಗು ಗಂಟಲು ಬಿಡಲೆಂದು ಹಬೆ ತೆಗೆದುಕೊಳ್ಳುತ್ತಿದ್ದ. ಆ ಪಾತ್ರೆ ಸಿಡಿದು ಮುಖ, ಗಂಟಲು ಸುಟ್ಟವು. ಆದರೂ ವೇದಿಕೆ ಹತ್ತಿ ಹಾಡಿ, ಆಮೇಲೆ ಆಸ್ಪತ್ರೆ ಸೇರಿದ. ಸುಧಾರಿಸಿಕೊಳ್ಳುತ್ತಿದ್ದ ಹಾಗೆಯೇ ಇಂಗ್ಲೆಂಡ್ ಪ್ರವಾಸ. ಕ್ರಿಸ್ಮಸ್ ದಿನ ಲಂಡನ್ನಿನ ಹೋಟೆಲ್ ಕೋಣೆಯಲ್ಲಿ ಕುಳಿತಿದ್ದಾರೆ, ಹೊರಗೆ ಒಂದು ಅಂಗಡಿಯೂ ತೆರೆದಿಲ್ಲ, ಮಾಡಲು ಏನೂ ಇಲ್ಲ. ಮನೆಯಿಂದ ದೂರ ಕ್ರಿಸ್ಮಸ್ ಕಳೆದವರಿಗೆ ಆ ದಿನದ ಉದ್ದ ಗೊತ್ತು. ಆ ನೋವು, ಆ ಬೇಸರ ಎರಡೂ ಸೇರಿ 'ಐ ವಾನ್ನಾ ಬಿ ಸಿಡೇಟೆಡ್' ಎಂಬ ಹಾಡಾಯಿತು. ನನಗೆ ಮಂಪರು ಬರಿಸಿಬಿಡಿ ಎಂಬುದು ಹೆಸರಿನ ಅರ್ಥ. ತಂದೆತಾಯಂದಿರು ಇದನ್ನು ನೋಡಿ ಹುಬ್ಬೇರಿಸಬಹುದು. ನಾವು ಅದನ್ನು ಮಾದಕವಸ್ತುವಿನ ಹೊಗಳಿಕೆ ಎಂದು ಓದುವುದಿಲ್ಲ. ದಣಿದವನೊಬ್ಬ ನಗುತ್ತಾ ಹೇಳಿದ ಗೋಳು ಅದು. ಇದರ ನಡುವಿನ ಗಿಟಾರ್ ಸೋಲೋ ಕೇಳಿ: ಒಂದೇ ಸ್ವರ, ಮತ್ತೆ ಮತ್ತೆ ಅದೇ ಸ್ವರ. ಆ ಕಾಲದ ಉದ್ದುದ್ದ ಸೋಲೋಗಳನ್ನು ಇದಕ್ಕಿಂತ ಚೆನ್ನಾಗಿ ಯಾರೂ ಗೇಲಿ ಮಾಡಿಲ್ಲ.

ಇದೇ ಆಲ್ಬಮ್ಮಿನ 'ಕ್ವೆಶ್ಚನಿಂಗ್ಲಿ' ನಮಗೆ ಇನ್ನೂ ಹೆಚ್ಚು ಇಷ್ಟ. ಮುಗಿದುಹೋದ ಪ್ರೀತಿಯ ನಿಧಾನದ ಹಾಡು, ಹಳ್ಳಿಗಾಡಿನ ಅಮೆರಿಕನ್ ಹಾಡುಗಳ ಧಾಟಿ. ಬರೆದವನು ಡೀ ಡೀ, ಎಲ್ಲರಿಗಿಂತ ಹೆಚ್ಚು ಅಡ್ಡಾದಿಡ್ಡಿ ಬದುಕಿದವನು. ಅವನ ತಂದೆ ಅಮೆರಿಕದ ಸೈನಿಕ, ತಾಯಿ ಜರ್ಮನಿಯವಳು, ಬಾಲ್ಯವೆಲ್ಲ ಜರ್ಮನಿಯಲ್ಲಿ. ಕೊನೆಯ ಹಾಡು 'ಇಟ್ಸ್ ಎ ಲಾಂಗ್ ವೇ ಬ್ಯಾಕ್' ಆ ದೇಶವನ್ನೇ ನೆನೆಯುತ್ತದೆ. 'ಬ್ಯಾಡ್ ಬ್ರೇನ್' ಎಂಬ ಇನ್ನೊಂದು ಹಾಡಿನ ಹೆಸರನ್ನು ವಾಷಿಂಗ್ಟನ್ನಿನ ನಾಲ್ವರು ಕಪ್ಪು ಹುಡುಗರು ತಮ್ಮ ಬ್ಯಾಂಡಿಗೆ ಇಟ್ಟುಕೊಂಡರು. ಆ ಬ್ಯಾಡ್ ಬ್ರೇನ್ಸ್ ಕಥೆಯನ್ನು ಇನ್ನೊಮ್ಮೆ ಬರೆಯುತ್ತೇವೆ.

ಹೊದಿಕೆಯ ಚಿತ್ರಕ್ಕೂ ಈ ಬದಲಾವಣೆಯ ಬಿಸಿ ತಟ್ಟಿತು. ಅಭಿಮಾನಿಯೊಬ್ಬ ನಾಲ್ವರನ್ನೂ ವ್ಯಂಗ್ಯಚಿತ್ರದಂತೆ ಬಿಡಿಸಿ ಕಳಿಸಿದ್ದ. ಬ್ಯಾಂಡಿಗೆ ಅದು ಹಿಡಿಸಿತು. ಆದರೆ ಅದರಲ್ಲಿದ್ದವನು ಟಾಮಿ. 'ಪಂಕ್' ಪತ್ರಿಕೆಯ ಜಾನ್ ಹೋಮ್‌ಸ್ಟ್ರಾಮ್ ಎಂಬ ಕಲಾವಿದ ಅದನ್ನು ಮತ್ತೆ ಬರೆದು, ಟಾಮಿ ಇದ್ದಲ್ಲಿ ಮಾರ್ಕಿಯನ್ನು ನಿಲ್ಲಿಸಿದ. ಒಂದೇ ಜಾಕೆಟ್ಟು, ಒಂದೇ ಬಗೆಯ ಕೂದಲು. ಅಷ್ಟೇನೂ ಕಷ್ಟವಾಗಿರಲಿಕ್ಕಿಲ್ಲ.

1978ರ ಸೆಪ್ಟೆಂಬರ್ ಕೊನೆಯಲ್ಲಿ ಆಲ್ಬಮ್ ಹೊರಬಂತು. 12 ಹಾಡು, ಸುಮಾರು 31 ನಿಮಿಷ. ಅಮೆರಿಕದ ಪಟ್ಟಿಯಲ್ಲಿ 103. ಹಿಂದಿನದು 49ಕ್ಕೆ ಹೋಗಿತ್ತು ಎಂದು ಮೇಲೆ ಹೇಳಿದ್ದೇವಲ್ಲ, ಅದನ್ನು ನೆನೆದರೆ ಎಷ್ಟು ನಿರಾಶೆಯಾಗಿರಬೇಕು ನೋಡಿ. ರೇಡಿಯೋದವರಿಗೆ ಇದು ಇನ್ನೂ ಒರಟು, ಹಳೆಯ ಅಭಿಮಾನಿಗಳಲ್ಲಿ ಕೆಲವರಿಗೆ ತೀರ ಮೃದು. ಇಂದು ಎಲ್ಲರಿಗೂ ಗೊತ್ತಿರುವ ಆ 'ಸಿಡೇಟೆಡ್' ಹಾಡನ್ನು ಅಮೆರಿಕದಲ್ಲಿ ಆಗ ಮುಖ್ಯ ಸಿಂಗಲ್ ಆಗಿ ಹೊರತರಲೇ ಇಲ್ಲ! ಅದಕ್ಕೆ ವಿಡಿಯೋ ಮಾಡಿದ್ದು ಹತ್ತು ವರ್ಷದ ನಂತರ, 1988ರಲ್ಲಿ. ಮುಂದಿನ ಆಲ್ಬಮ್ಮಿಗೆ ಟಾಮಿಯನ್ನು ಬಿಟ್ಟು ಫಿಲ್ ಸ್ಪೆಕ್ಟರ್ ಎಂಬ ಹೆಸರಾಂತ ನಿರ್ಮಾಪಕನ ಬಳಿ ಹೋದರು. 1980ರ ಆ ಆಲ್ಬಮ್ 44ಕ್ಕೆ ಏರಿತು, ಅದಕ್ಕಿಂತ ಮೇಲೆ ಅವರು ಎಂದೂ ಹೋಗಲಿಲ್ಲ. ಅಂಕಿಯ ಲೆಕ್ಕದಲ್ಲಿ ಟಾಮಿಯನ್ನು ಬಿಟ್ಟದ್ದೇ ಸರಿ ಎನ್ನಬಹುದು. ಕಿವಿಯ ಲೆಕ್ಕದಲ್ಲಿ ನಾವು ಒಪ್ಪುವುದಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. ಮಾರ್ಕಿಗೆ ಕುಡಿತ ಹತ್ತಿತು. 1983ರಲ್ಲಿ ಅವನನ್ನು ತಂಡದಿಂದ ತೆಗೆದರು, ರಿಚಿ ಎಂಬವನು ಬಂದ. ತಂಡ ದಾರಿ ತಪ್ಪಿದೆ ಎನ್ನಿಸಿದಾಗ 1984ರ 'ಟೂ ಟಫ್ ಟು ಡೈ' ಆಲ್ಬಮ್ಮಿಗೆ ಮತ್ತೆ ಟಾಮಿ ಮತ್ತು ಸ್ಟೇಸಿಯಮ್‌ರನ್ನೇ ಕರೆದರು. ಟಾಮಿ ಬಂದ. ಮಾರ್ಕಿ ಕುಡಿತ ಬಿಟ್ಟು 1987ರಲ್ಲಿ ತನ್ನ ಜಾಗಕ್ಕೆ ಮರಳಿದ, 1996ರ ಆಗಸ್ಟ್ 6ರ ಕೊನೆಯ ಕಛೇರಿಯವರೆಗೂ ಅಲ್ಲೇ ಇದ್ದ. ಅದು ಅವರ 2,263ನೇ ಕಛೇರಿ. ಜೋಯಿ ಮತ್ತು ಜಾನಿ ಒಬ್ಬ ಹೆಂಗಸಿನ ವಿಷಯದಲ್ಲಿ ಮುನಿಸಿಕೊಂಡು ವರ್ಷಗಟ್ಟಲೆ ಒಂದೇ ವ್ಯಾನಿನಲ್ಲಿ ಮಾತಿಲ್ಲದೆ ಓಡಾಡಿದರು. ಜೋಯಿ 2001ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ, ರಾಜಿಯಾಗಲೇ ಇಲ್ಲ. 2002ರಲ್ಲಿ ಹೆರಾಯಿನ್ ಡೀ ಡೀಯನ್ನು ಕೊಂದಿತು. 2004ರಲ್ಲಿ ಜಾನಿ ಹೋದ, ಅದೂ ಕ್ಯಾನ್ಸರ್.

ಉಳಿದವನು ಟಾಮಿ. ವಯಸ್ಸಾದ ಮೇಲೆ ಮ್ಯಾಂಡೊಲಿನ್ ಹಿಡಿದು, ಅಂಕಲ್ ಮಂಕ್ ಎಂಬ ಇಬ್ಬರ ತಂಡ ಕಟ್ಟಿಕೊಂಡು ಬ್ಲೂಗ್ರಾಸ್ ಎಂಬ ಜಾನಪದ ಶೈಲಿಯ ಹಾಡು ನುಡಿಸುತ್ತಿದ್ದ. ಸಿಬಿಜಿಬಿ ಎಂಬ ಅಕ್ಷರಗಳಲ್ಲಿ ಮೊದಲನೆಯ ಬಿ ಬ್ಲೂಗ್ರಾಸ್ಸಿನದೇ. ಆ ಬಾರು ಶುರುವಾದದ್ದೇ ಅಂಥ ಸಂಗೀತಕ್ಕೆಂದು. 6,400 ಡಾಲರಿನ ಆ ಮೊದಲ ಆಲ್ಬಮ್ಮಿಗೆ 5 ಲಕ್ಷ ಪ್ರತಿಗಳ ಗೋಲ್ಡ್ ಮನ್ನಣೆ ಸಿಕ್ಕಿದ್ದು 38 ವರ್ಷದ ನಂತರ, 2014ರ ಏಪ್ರಿಲ್‌ನಲ್ಲಿ. ಆ ವರ್ಷ ಜುಲೈ 11ರಂದು ಟಾಮಿ ತೀರಿಕೊಂಡ.

ಕೇಳಬೇಕೆನ್ನುವವರಿಗೆ ಒಂದು ಮಾತು. ಮೊದಲು 'ರಾಕೆಟ್ ಟು ರಷ್ಯಾ' ಹಾಕಿ, ಅದು ಮುಗಿದ ಕೂಡಲೇ 'ರೋಡ್ ಟು ರೂಯಿನ್' ಹಾಕಿ. ಎರಡೂ ಸೇರಿ ಒಂದು ಗಂಟೆ ಕೇಳಿದರೆ ಸಾಕು. ಹಾಡನ್ನು ಬಿಟ್ಟು ಬಲಗೈಯ ಆ ಎಂಟು ಪೆಟ್ಟನ್ನು ಮಾತ್ರ ಹಿಂಬಾಲಿಸಿ. ಮೊದಲನೆಯದರಲ್ಲಿ ಅದು ಹಗುರ, ಓಡುವವನ ಉಸಿರಿನ ಹಾಗೆ. ಎರಡನೆಯದರಲ್ಲಿ ತೂಕ ಹೆಚ್ಚು, ಸ್ನೇರ್ ಮೇಲಿನ ಪೆಟ್ಟು ಗಟ್ಟಿ. ಆದರೆ ಎಣಿಕೆ ಅದೇ. ನಮ್ಮ ಗಾನವೃಂದದ ಡ್ರಮ್ ಹುಡುಗ ಎರಡೂ ಒಬ್ಬನದೇ ಕೈ ಎಂದು ವಾದಿಸಿದ್ದಾನೆ. ನಿಮಗೆ ಹೇಗೆ ಕೇಳಿಸಿತು ಎಂಬುದನ್ನು ಭಾನುವಾರ ಪೂಜೆ ಮುಗಿದ ಮೇಲೆ ಹೇಳಿ.